ಕಾಫಿಗೆ ಒಂದು ಗುಟುಕು, ಕಾಲೇಜಿಗೆ ಎಷ್ಟು ವರ್ಷ?

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ರಾಮಮೂರ್ತಿ ನಗರದ ಮುಖ್ಯರಸ್ತೆಯ ಯಾವುದೇ ದರ್ಶಿನಿಯ ಮುಂದೆ ಹತ್ತು ನಿಮಿಷ ನಿಂತರೂ ಎರಡು ಬಗೆಯ ಮಾತು ಕಿವಿಗೆ ಬೀಳುತ್ತದೆ. ಮೊದಲನೆಯದು ಕೈಯಲ್ಲಿರುವ ಲೋಟದ ಬಗ್ಗೆ. ಇವತ್ತು ಡಿಕಾಕ್ಷನ್ ತೆಳ್ಳಗಾಯಿತು, ಚಟ್ನಿಗೆ ಉಪ್ಪು ಬಿದ್ದಿಲ್ಲ, ಹಳೆಯ ಅಡುಗೆಯವನು ಬಿಟ್ಟುಹೋದ ಮೇಲೆ ಇಡ್ಲಿ ಗಟ್ಟಿಯಾಯಿತು ಎಂಬಂಥವು. ಎರಡನೆಯದು ಬ್ಯಾಗನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಬೈಟು ಕಾಫಿ ಹಂಚಿಕೊಳ್ಳುವ ಹುಡುಗ ಹುಡುಗಿಯರದು. ಒಬ್ಬ ಮೇಷ್ಟರ ಪಾಠ ತಲೆಗೆ ಹತ್ತುವುದಿಲ್ಲ, ಕಳೆದ ಸೆಮಿಸ್ಟರಿನ ಅಂಕಪಟ್ಟಿ ಇನ್ನೂ ಬಂದಿಲ್ಲ, ಪ್ರವೇಶದ ವೇಳೆ ತೋರಿಸಿದ ಪ್ರಯೋಗಾಲಯದ ಬಾಗಿಲು ಆಮೇಲೆ ತೆರೆಯಲಿಲ್ಲ ಎಂಬಂಥವು.

ಎರಡೂ ಅಭಿಪ್ರಾಯಗಳೇ. ಎರಡನ್ನೂ ಹೇಳುವವರು ಹಣ ಕೊಟ್ಟವರೇ. ಈಗ ಎರಡಕ್ಕೂ ಒಂದೇ ಅಳತೆಗೋಲು ಬಂದಿದೆ. ಐದಕ್ಕೆ ಎಷ್ಟು ನಕ್ಷತ್ರ ಎಂದು ಹೋಟೆಲನ್ನೂ ಕೇಳುತ್ತೇವೆ, ಕಾಲೇಜನ್ನೂ ಕೇಳುತ್ತೇವೆ. ಪಿಯು ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಹೊಸಕೋಟೆ, ಕೋಲಾರ, ಚಿಂತಾಮಣಿ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಈ ಭಾಗಕ್ಕೆ ಬರುವ ತಂದೆ ತಾಯಿಯರು ಕೂಡ ಮೊದಲು ವಿಚಾರಿಸುವುದು ಹೀಗೆಯೇ: ಅಲ್ಲಿ ಓದುವವರು ಏನನ್ನುತ್ತಾರೆ? ಹೋಟೆಲಿನ ವಿಷಯದಲ್ಲಿ ಕೇಳಿದ ಮಾತು ಸುಳ್ಳಾದರೆ ಕೆಲವು ರೂಪಾಯಿ ಹೋಯಿತು, ಎದುರಿನ ಹೋಟೆಲು ಇದ್ದೇ ಇದೆ. ಕಾಲೇಜಿನ ವಿಷಯದಲ್ಲಿ ಸುಳ್ಳಾದರೆ ಹೋಗುವುದು ಮೂರು ವರ್ಷ, ಜೊತೆಗೆ ಸಾಲವೋ ಜಮೀನೋ. ಆದ್ದರಿಂದ ಗಿರಾಕಿಯ ಮಾತು ಮತ್ತು ವಿದ್ಯಾರ್ಥಿಯ ಮಾತು ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನೋಡುವುದು ಒಳ್ಳೆಯದು.

ವಿದ್ಯಾರ್ಥಿಗಳ ಹೆಸರಿನ ಹೋಟೆಲು

ಬೆಂಗಳೂರಿನಲ್ಲಿ ಹೋಟೆಲಿಗೂ ಓದಿಗೂ ಇರುವ ನಂಟು ಹಳೆಯದು. ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ಸಣ್ಣ ಹೋಟೆಲೊಂದು ವಿದ್ಯಾರ್ಥಿಗಳನ್ನೇ ನಂಬಿಕೊಂಡು 'ವಿದ್ಯಾರ್ಥಿ ಭವನ' ಎಂದು ಹೆಸರಿಟ್ಟುಕೊಂಡಿತು. ಆ ವಿದ್ಯಾರ್ಥಿಗಳು ಮೊಮ್ಮಕ್ಕಳನ್ನು ಕಂಡರೂ ಹೆಸರು ಹಾಗೆಯೇ ಉಳಿದಿದೆ. ಅಲ್ಲಿನ ದೋಸೆಯ ಕೀರ್ತಿ ಯಾವ ಜಾಹೀರಾತಿನಿಂದಲೂ ಬಂದದ್ದಲ್ಲ. ತಿಂದವರು ತಿನ್ನದವರಿಗೆ ಹೇಳಿದ ಮಾತಿನಿಂದ ಬಂದದ್ದು.

ದಂಡು ಪ್ರದೇಶದ ಕಡೆಯ ಕಥೆ ಇನ್ನೊಂದು ಬಗೆಯದು. 1930ರ ದಶಕದಲ್ಲಿ ಭಾರತದ ಕಾಫಿಗೆ ದೇಶದೊಳಗೇ ಮಾರುಕಟ್ಟೆ ಹುಡುಕುವ ಉದ್ದೇಶದಿಂದ ಇಂಡಿಯಾ ಕಾಫಿ ಹೌಸ್‌ಗಳು ಹುಟ್ಟಿಕೊಂಡವು. ಮುಂದೆ ಅವುಗಳನ್ನು ಕಾಫಿ ಮಂಡಳಿ ನಡೆಸಿತು. ಐವತ್ತರ ದಶಕದಲ್ಲಿ ಮಂಡಳಿ ಅವುಗಳನ್ನು ಮುಚ್ಚಲು ತೀರ್ಮಾನಿಸಿದಾಗ ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘಗಳನ್ನು ಕಟ್ಟಿದರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲೇ. ಬಡಿಸುವವರೇ ಒಡೆಯರಾದ ಈ ಕಾಫಿ ಹೌಸ್‌ನಲ್ಲಿ ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ಗಂಟೆಗಟ್ಟಲೆ ಕುಳಿತರೂ ಏಳಿ ಎನ್ನುವವರಿರಲಿಲ್ಲ. ಮಹಾತ್ಮ ಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ಇದ್ದ ಕಾಫಿ ಹೌಸ್ 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋದಾಗ ಹಳಬರು ಮರುಗಿದ್ದು ಕಾಫಿಗಿಂತ ಹೆಚ್ಚಾಗಿ ಆ ಕುಳಿತುಕೊಳ್ಳುವ ಸ್ವಾತಂತ್ರ್ಯಕ್ಕಾಗಿ.

ಆಮೇಲೆ ಬಂದದ್ದು ನಿಂತು ತಿನ್ನುವ ಕಾಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯಂತೆ ಆರಂಭವಾದ ಕೆಫೆ ದರ್ಶಿನಿಯಲ್ಲಿ ಕುರ್ಚಿ ಇರಲಿಲ್ಲ, ಬಡಿಸುವವರೂ ಇರಲಿಲ್ಲ. ಮೊದಲು ಚೀಟಿ, ಆಮೇಲೆ ತಿಂಡಿ. ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಇತ್ತು. ಹೆಸರಿಗೆ ತಕ್ಕಂತೆ ಎಲ್ಲವೂ ದರ್ಶನಕ್ಕೆ ಸಿಗುವ ಏರ್ಪಾಡು. ದೋಸೆ ಹುಯ್ಯುವ ಕೈ ತೊಳೆದಿದೆಯೇ, ಹಿಟ್ಟು ಇಂದಿನದೇ ಎಂಬುದನ್ನು ಗಿರಾಕಿ ತಾನೇ ನೋಡಿ ತೀರ್ಮಾನಿಸಬಹುದು. ಐ.ಟಿ.ಐ. ಕಾರ್ಖಾನೆ ಮತ್ತು ಅದರ ದೂರವಾಣಿ ನಗರದ ನೆರೆಯಲ್ಲಿ ಬೆಳೆದು, ಹೊರವರ್ತುಲ ರಸ್ತೆ ಬಂದ ಮೇಲೆ ದಟ್ಟಣೆಯ ಬಡಾವಣೆಯಾದ ರಾಮಮೂರ್ತಿ ನಗರದಲ್ಲಿ ಬೇರೂರಿದ್ದು ಈ ಬಗೆಯ ಹೋಟೆಲು.

ಈ ತೆರೆದ ಅಡುಗೆಮನೆಯ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಕಾಲೇಜಿನ ಅಡುಗೆಮನೆ ಹೀಗೆ ಕಣ್ಣಿಗೆ ಕಾಣುವುದಿಲ್ಲ.

ಒಂದು ಪೆನ್ನಿಯ ವಿಶ್ವವಿದ್ಯಾಲಯ

ಕಾಫಿ ಅಂಗಡಿಯಲ್ಲಿ ಹುಟ್ಟುವ ಅಭಿಪ್ರಾಯಕ್ಕೆ ದೊರೆಗಳೂ ಹೆದರಿದ್ದುಂಟು. ಇಂಗ್ಲೆಂಡಿನ ಮೊದಲ ಕಾಫಿ ಅಂಗಡಿ 1650ರ ಸುಮಾರಿಗೆ ತೆರೆದದ್ದು ವಿಶ್ವವಿದ್ಯಾಲಯದ ಊರಾದ ಆಕ್ಸ್‌ಫರ್ಡಿನಲ್ಲಿ. ಲಂಡನ್ನಿಗೆ ಅದು ಬಂದದ್ದು ಒಂದೆರಡು ವರ್ಷಗಳ ನಂತರ. ಒಂದು ಪೆನ್ನಿ ಕೊಟ್ಟು ಒಳಹೊಕ್ಕರೆ ಕಾಫಿಯೂ ಸಿಗುತ್ತಿತ್ತು, ಪತ್ರಿಕೆಯೂ ಸಿಗುತ್ತಿತ್ತು, ವಿದ್ವಾಂಸರ ಮಾತೂ ಸಿಗುತ್ತಿತ್ತು. ಜನ ಅವುಗಳನ್ನು 'ಪೆನ್ನಿ ವಿಶ್ವವಿದ್ಯಾಲಯ'ಗಳೆಂದೇ ಕರೆದರು. ಅಲ್ಲಿ ತನ್ನ ಆಡಳಿತದ ವಿರುದ್ಧ ಸುದ್ದಿ ಹರಡುತ್ತಿದೆ ಎಂದು ಎರಡನೆಯ ಚಾರ್ಲ್ಸ್ ದೊರೆ 1675ರ ಡಿಸೆಂಬರಿನಲ್ಲಿ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಲು ಆಜ್ಞೆ ಹೊರಡಿಸಿದ. ಗದ್ದಲ ಎಷ್ಟಾಯಿತೆಂದರೆ ಕೆಲವೇ ದಿನಗಳಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇನ್ನು ವಿದ್ಯಾರ್ಥಿಯ ಅಭಿಪ್ರಾಯದ ಇತಿಹಾಸ ಇದಕ್ಕಿಂತಲೂ ಹಿಂದಿನದು. ಯುರೋಪಿನ ಅತಿ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಒಂದಾದ ಇಟಲಿಯ ಬೊಲೋನ್ಯಾದಲ್ಲಿ ಪರಊರುಗಳಿಂದ ಬಂದ ವಿದ್ಯಾರ್ಥಿಗಳು ತಾವೇ ಸಂಘ ಕಟ್ಟಿಕೊಂಡು ಮೇಷ್ಟರುಗಳಿಗೆ ಸಂಭಾವನೆ ಕೊಡುತ್ತಿದ್ದರು. ಪಾಠ ತಡವಾಗಿ ಶುರುವಾದರೆ ದಂಡ, ಗಂಟೆ ಹೊಡೆದ ಮೇಲೂ ಮುಂದುವರಿಸಿದರೆ ದಂಡ, ಕಠಿಣ ಭಾಗವನ್ನು ಹಾರಿಸಿದರೆ ದಂಡ. ಪಾಠಕ್ಕೆ ಐದು ಮಂದಿಯೂ ಕೂಡದಿದ್ದರೆ ಮೇಷ್ಟರು ಆ ದಿನ ಗೈರುಹಾಜರಾದಂತೆಯೇ ಲೆಕ್ಕ. ಊರು ಬಿಟ್ಟು ಹೋಗಬೇಕಾದರೆ ಮರಳಿ ಬರುವ ಭರವಸೆಗೆ ಠೇವಣಿ ಇಡಬೇಕು. ನಗರಾಡಳಿತವೇ ಸಂಬಳ ಕೊಡಲು ಆರಂಭಿಸಿದ ಮೇಲೆ ವಿದ್ಯಾರ್ಥಿಗಳ ಈ ಅಧಿಕಾರ ಮೆಲ್ಲಗೆ ಕರಗಿತು. ಹಣ ಕೊಡುವವನ ಮಾತಿಗೆ ಬೆಲೆ ಎಂಬ ಸೂತ್ರ ಹೋಟೆಲಿಗೆ ಮಾತ್ರ ಸೇರಿದ್ದಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ವ್ಯತ್ಯಾಸ ಎಲ್ಲಿದೆ?

ರುಚಿಗೂ ಅರಗುವಿಕೆಗೂ ನಡುವೆ

ಕಾಫಿಯ ಬಗ್ಗೆ ತೀರ್ಪು ಕೊಡಲು ಒಂದು ಗುಟುಕು ಸಾಕು. ಅದರ ಉದ್ದೇಶವೇ ಕುಡಿಯುವವನ ತೃಪ್ತಿ. ಚೆನ್ನಾಗಿಲ್ಲ ಎಂದು ಗಿರಾಕಿ ಹೇಳಿದರೆ ಅದಕ್ಕೆ ಮೇಲ್ಮನವಿ ಇಲ್ಲ. ಪಾಠ ಹಾಗಲ್ಲ. ಅದರ ಫಲ ಮುಂದಿನ ತರಗತಿಯಲ್ಲಿ, ಮುಂದಿನ ಕೆಲಸದಲ್ಲಿ ಕಾಣಬೇಕಾದದ್ದು. ಇದು ಮೇಷ್ಟರುಗಳು ತಮ್ಮ ರಕ್ಷಣೆಗೆ ಹೇಳುವ ಮಾತು ಎಂದು ತೋರಬಹುದು. ಆದರೆ ಇದನ್ನು ಅಳೆದು ನೋಡಿದವರಿದ್ದಾರೆ.

ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ. ಯಾರಿಗೆ ಯಾರ ತರಗತಿ ಎಂಬುದನ್ನು ಚೀಟಿ ಎತ್ತಿದಂತೆ ಹಂಚಲಾಗುತ್ತದೆ, ಎಲ್ಲರಿಗೂ ಪರೀಕ್ಷೆ ಒಂದೇ. ಅಲ್ಲಿನ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆಗಳನ್ನು ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದರು. ಯಾವ ಅಧ್ಯಾಪಕರ ವಿದ್ಯಾರ್ಥಿಗಳು ಆ ಕ್ಷಣದ ಗಣಿತ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೋ ಆ ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮೆಚ್ಚುಗೆಯೂ ಹೆಚ್ಚು ಸಿಕ್ಕಿತ್ತು. ಆದರೆ ಅದೇ ವಿದ್ಯಾರ್ಥಿಗಳು ಅದರ ಮುಂದಿನ, ಹೆಚ್ಚು ಕಠಿಣವಾದ ವಿಷಯಗಳಲ್ಲಿ ಹಿಂದೆ ಬಿದ್ದರು. ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ತಿನ್ನಿಸದೆ, ಬುಡದಿಂದ ಕಲಿಸಿ ಬೈಸಿಕೊಂಡವರ ವಿದ್ಯಾರ್ಥಿಗಳು ಆಮೇಲೆ ಮುಂದಾದರು.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ತರಗತಿಯಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಲೂಯಿ ಡೆಲೊರಿಯೇ ಮತ್ತು ಸಂಗಡಿಗರು ಒಂದು ಗುಂಪಿಗೆ ನಿರರ್ಗಳವಾದ ಉಪನ್ಯಾಸ ಏರ್ಪಡಿಸಿದರು. ಇನ್ನೊಂದು ಗುಂಪಿಗೆ ಅದೇ ಪಾಠವನ್ನು ಲೆಕ್ಕ ಬಿಡಿಸಲು ಹಚ್ಚಿ, ತಡಕಾಡಿಸಿ ಕಲಿಸಿದರು. ಪರೀಕ್ಷೆಯಲ್ಲಿ ಹೆಚ್ಚು ಕಲಿತದ್ದು ಎರಡನೆಯ ಗುಂಪು. ಆದರೆ ಹೆಚ್ಚು ಕಲಿತೆವು ಎಂದು ಭಾವಿಸಿದ್ದು ಉಪನ್ಯಾಸ ಕೇಳಿದ ಗುಂಪು. ಸುಲಭವಾಗಿ ಗಂಟಲಿಗಿಳಿದದ್ದೆಲ್ಲ ಮೈಗೆ ಹತ್ತುವುದಿಲ್ಲ ಎಂದು ನಮ್ಮ ಮನೆಯ ಹಿರಿಯರು ಕಷಾಯ ಕುಡಿಸುವಾಗ ಹೇಳುತ್ತಿದ್ದುದು ಇದನ್ನೇ.

ಹಾಗೆಂದು ವಿದ್ಯಾರ್ಥಿಯ ಮಾತಿಗೆ ಬೆಲೆಯೇ ಇಲ್ಲವೆಂದು ತಿಳಿಯಬಾರದು. ಮೇಷ್ಟರು ತರಗತಿಗೆ ಬಂದರೇ ಇಲ್ಲವೇ, ಪಾಠ ಮುಗಿಯಿತೇ, ಪ್ರಯೋಗಾಲಯದಲ್ಲಿ ಉಪಕರಣ ಇತ್ತೇ, ಗ್ರಂಥಾಲಯದ ಬಾಗಿಲು ಎಷ್ಟು ಗಂಟೆಗೆ ಮುಚ್ಚುತ್ತದೆ, ಶೌಚಾಲಯದಲ್ಲಿ ನೀರಿದೆಯೇ, ಹೇಳಿದ ಶುಲ್ಕಕ್ಕಿಂತ ಹೆಚ್ಚು ಕೇಳಿದರೇ. ಇವುಗಳಿಗೆ ವಿದ್ಯಾರ್ಥಿಗಿಂತ ಒಳ್ಳೆಯ ಸಾಕ್ಷಿ ಇನ್ನೊಬ್ಬನಿಲ್ಲ. ಕಣ್ಣಿಗೆ ಕಂಡದ್ದರ ಬಗ್ಗೆ ಅವನ ಮಾತು ಗಿರಾಕಿಯ ಮಾತಿನಷ್ಟೇ ಖಚಿತ. ಕಲಿಕೆಯ ಬಗ್ಗೆ ಮಾತ್ರ ಅವನ ಇಂದಿನ ಮಾತು ಮೊದಲ ಮಾತು. ಕೊನೆಯದನ್ನು ಹೇಳಲು ಅವನಿಗೆ ಕೆಲವು ವರ್ಷ ಬೇಕು.

ಹೇಳುವ ಸ್ವಾತಂತ್ರ್ಯ

ಎರಡನೆಯ ವ್ಯತ್ಯಾಸ ಇನ್ನೂ ದೊಡ್ಡದು. ಕಾಫಿ ಚೆನ್ನಾಗಿಲ್ಲ ಎಂದವನಿಗೆ ಹೋಟೆಲಿನವರು ಏನನ್ನೂ ಮಾಡಲಾರರು. ವಿದ್ಯಾರ್ಥಿಯ ಆಂತರಿಕ ಅಂಕ, ಹಾಜರಾತಿ, ಶಿಫಾರಸು ಪತ್ರ ಎಲ್ಲವೂ ತಾನು ಯಾರ ಬಗ್ಗೆ ಅಭಿಪ್ರಾಯ ಹೇಳಬೇಕೋ ಅವರ ಕೈಯಲ್ಲೇ ಇರುತ್ತವೆ.

ಈ ಲೇಖಕ ಪತ್ರಿಕೋದ್ಯಮದ ಡಿಪ್ಲೊಮಾ ಓದುವಾಗ ವರ್ಷದ ಕೊನೆಗೆ ಅಭಿಪ್ರಾಯದ ನಮೂನೆಯೊಂದನ್ನು ಹಂಚಿದರು. ಹೆಸರು ಬರೆಯಬೇಕಾಗಿಲ್ಲ ಎಂದಿತ್ತು, ಆದರೆ ಮೇಲ್ಗಡೆ ಕ್ರಮಸಂಖ್ಯೆಗೆ ಜಾಗ ಬಿಟ್ಟಿದ್ದರು. ಯಾರ ಪಾಠದ ಬಗ್ಗೆ ಬರೆಯಬೇಕೋ ಅವರೇ ಮೇಜಿನ ಬಳಿ ನಿಂತು ಹಾಳೆಗಳನ್ನು ಒಟ್ಟುಮಾಡುತ್ತಿದ್ದರು. ಆಂತರಿಕ ಅಂಕಗಳು ಇನ್ನೂ ಹೋಗಿರಲಿಲ್ಲ. ಇಡೀ ತರಗತಿ 'ಅತ್ಯುತ್ತಮ' ಎಂಬ ಕಲಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಗುರುತು ಹಾಕಿತು. ನಾನೂ ಹಾಕಿದೆ. ಆ ವರ್ಷ ಅರ್ಧ ಪಾಠ ಆಗಿರಲಿಲ್ಲವೆಂಬುದನ್ನು ನಾವು ಹೇಳಿದ್ದು ಎದುರಿನ ಕಾಫಿ ಅಂಗಡಿಯಲ್ಲಿ. ಮರುವರ್ಷ ಅದೇ ಕೋರ್ಸಿಗೆ ಸೇರಿದವರು ನಮ್ಮ ನಮೂನೆಗಳ ಫಲಿತಾಂಶವನ್ನು ನಂಬಿದ್ದರೆ ಅವರಿಗೆ ಮೋಸ ಮಾಡಿದವರಲ್ಲಿ ನಾವೂ ಸೇರುತ್ತೇವೆ.

ಇದಕ್ಕೆ ಪರಿಹಾರವಾಗಿ ಕೆಲವು ವ್ಯವಸ್ಥೆಗಳು ಬಂದಿವೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿ, ಅಂದರೆ 'ನ್ಯಾಕ್', 2017ರ ಪರಿಷ್ಕೃತ ಕ್ರಮದಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಸೇರಿಸಿತು. ಪ್ರಶ್ನಾವಳಿಯನ್ನು ಕಾಲೇಜಿನ ಕೈಗೆ ಕೊಡದೆ ಮಂಡಳಿಯೇ ನೇರವಾಗಿ ವಿದ್ಯಾರ್ಥಿಗಳಿಗೆ ಕಳುಹಿಸುವ ಪದ್ಧತಿ ಅದು. ಆದರೆ 2016ರಿಂದ ಪ್ರಕಟವಾಗುತ್ತಿರುವ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯಲ್ಲಿ 'ಗ್ರಹಿಕೆ' ಎಂಬ ಅಂಶಕ್ಕೆ ನೂರಕ್ಕೆ ಹತ್ತರಷ್ಟು ತೂಕವಿದ್ದರೂ ಅಲ್ಲಿ ಕೇಳುವುದು ಉದ್ಯೋಗದಾತರನ್ನು ಮತ್ತು ಇತರ ಅಧ್ಯಾಪಕರನ್ನು. ಪಟ್ಟಿಯ ಮೇಲ್ಗಡೆ ಇರುವ ಸಂಸ್ಥೆಯನ್ನು ವಿದ್ಯಾರ್ಥಿಗಳೂ ಮೆಚ್ಚಿದ್ದಾರೆಂದು ಇದರಿಂದ ತಿಳಿಯುವಂತಿಲ್ಲ.

ಗ್ರಾಹಕನೋ, ವಿದ್ಯಾರ್ಥಿಯೋ?

ಅಭಿಪ್ರಾಯ ದೂರಾಗಿ ಬೆಳೆದಾಗ ಏನಾಗುತ್ತದೆ? ಹೋಟೆಲಿನ ಸಾಂಬಾರಿನಲ್ಲಿ ಹುಳು ಸಿಕ್ಕಿದರೆ ಗ್ರಾಹಕರ ವೇದಿಕೆಗೆ ಹೋಗಬಹುದು. 1986ರ ಕಾಯ್ದೆ ಕೊಟ್ಟ ಈ ಹಕ್ಕು 2019ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ವಿದ್ಯಾರ್ಥಿಯ ದಾರಿ ಅಷ್ಟು ನೇರವಲ್ಲ. ಬಿಹಾರದಲ್ಲಿ ಇಬ್ಬರು ಪರೀಕ್ಷಾರ್ಥಿಗಳಿಗೆ ಒಂದೇ ಕ್ರಮಸಂಖ್ಯೆ ಬಂದು ಒಬ್ಬನ ಫಲಿತಾಂಶ ಪ್ರಕಟವಾಗದೆ ಉಳಿದ ಪ್ರಕರಣದಲ್ಲಿ, ಪರೀಕ್ಷೆ ನಡೆಸುವ ಮಂಡಳಿ 'ಸೇವೆ' ಮಾರುತ್ತಿಲ್ಲ, ಪರೀಕ್ಷಾ ಶುಲ್ಕ ಅದರ ಬೆಲೆಯಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಮರುವರ್ಷ ಹರಿಯಾಣದ ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲೂ ಇದೇ ನಿಲುವನ್ನು ತಳೆಯಿತು. ಖಾಸಗಿ ಸಂಸ್ಥೆಗಳು ದೊಡ್ಡ ಮೊತ್ತದ ಶುಲ್ಕ ಪಡೆಯುವ ಈ ಕಾಲಕ್ಕೂ ಅದು ಒಪ್ಪುತ್ತದೆಯೇ ಎಂಬ ಪ್ರಶ್ನೆಯನ್ನು ಅದೇ ನ್ಯಾಯಾಲಯ 2020ರಲ್ಲಿ ಮತ್ತೆ ಪರಿಶೀಲನೆಗೆ ಎತ್ತಿಕೊಂಡಿತು.

ವಿದ್ಯಾರ್ಥಿ ಗ್ರಾಹಕನಲ್ಲ ಎಂಬ ಮಾತಿನಲ್ಲಿ ಗೌರವವೂ ಇದೆ, ಅಪಾಯವೂ ಇದೆ. ಪದವಿ ಅಂಗಡಿಯ ಸಾಮಾನಲ್ಲ ಎಂಬುದು ಗೌರವ. ಗಿರಾಕಿಗಿರುವಷ್ಟು ರಕ್ಷಣೆಯೂ ಇಲ್ಲವಾಗುವುದು ಅಪಾಯ. ಈ ಕೊರತೆಯನ್ನು ತುಂಬಲೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2023ರಲ್ಲಿ ಹೊಸ ನಿಯಮ ತಂದಿತು. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ಅದಕ್ಕೆ ವಿದ್ಯಾರ್ಥಿ ಪ್ರತಿನಿಧಿಯನ್ನೂ ಆಹ್ವಾನಿಸಬೇಕು, ಹದಿನೈದು ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿಶ್ವವಿದ್ಯಾಲಯ ನೇಮಿಸಿದ ಓಂಬುಡ್ಸ್‌ಪರ್ಸನ್ ಬಳಿಗೆ ಮೇಲ್ಮನವಿ ಹೋಗಬಹುದು. ಪ್ರವೇಶ ಪಡೆಯುವ ಮೊದಲೇ ಈ ಸಮಿತಿ ಎಲ್ಲಿದೆ, ಯಾರಿದ್ದಾರೆ ಎಂದು ಕಚೇರಿಯಲ್ಲಿ ಕೇಳಬಹುದು. ಬರುವ ಉತ್ತರದಿಂದಲೇ ಸಾಕಷ್ಟು ತಿಳಿಯುತ್ತದೆ.

ಯಾರ ಬಗ್ಗೆ ಮಾತು?

ಕೊನೆಯದಾಗಿ, ರಾಮಮೂರ್ತಿ ನಗರದಂಥ ಕಡೆ ಅಭಿಪ್ರಾಯ ಕೇಳುವವರು ಗಮನಿಸಬೇಕಾದ ಒಂದು ಗೊಂದಲವಿದೆ. ದರ್ಶಿನಿಯಲ್ಲಿ ನಿಂತವರು 'ಯೂನಿವರ್ಸಿಟಿ' ಎಂದಾಗ ಯಾವುದರ ಬಗ್ಗೆ ಹೇಳುತ್ತಿದ್ದಾರೆ ಎಂಬುದು. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರು ಭಾಗವಾದ ಮೇಲೆ ಕೆ.ಆರ್. ಪುರ ಕಡೆಯ ಸಂಯೋಜಿತ ಕಾಲೇಜುಗಳು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದವು. ಅದರ ಕೇಂದ್ರವಿರುವುದು ಬೆಂಗಳೂರಿನಲ್ಲಲ್ಲ, ಕೋಲಾರದ ಟಮಕದಲ್ಲಿ. ಇನ್ನು ಹಳೇ ಮದರಾಸು ರಸ್ತೆಯ ಗಾರ್ಡನ್ ಸಿಟಿಯಂಥ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪಾಠ, ಪರೀಕ್ಷೆ, ಪದವಿ ಮೂರೂ ಒಂದೇ ಸೂರಿನಡಿ.

ಇದರ ಪರಿಣಾಮ ಏನೆಂದರೆ, ಸಂಯೋಜಿತ ಕಾಲೇಜಿನ ವಿದ್ಯಾರ್ಥಿಗೆ ಮೇಷ್ಟರ ಮುಖ ಪರಿಚಯ, ವಿಶ್ವವಿದ್ಯಾಲಯದ ಮುಖ ಅಪರಿಚಿತ. ಅವನ ಪಾಲಿಗೆ ವಿಶ್ವವಿದ್ಯಾಲಯವೆಂದರೆ ವೇಳಾಪಟ್ಟಿ, ಫಲಿತಾಂಶ ಮತ್ತು ಅಂಕಪಟ್ಟಿ. ಫಲಿತಾಂಶ ತಡವಾದ ಸಿಟ್ಟನ್ನು ಅವನು ಕಾಲೇಜಿನ ಮೇಲೆ ತೀರಿಸಿಕೊಳ್ಳಬಹುದು. ಪಾಠವೇ ಆಗದ ಕಾಲೇಜು ತನ್ನ ತಪ್ಪನ್ನು ವಿಶ್ವವಿದ್ಯಾಲಯದ ತಲೆಗೆ ಕಟ್ಟಬಹುದು. ಸಾಂಬಾರು ಕೆಟ್ಟರೆ ಅಡುಗೆಯವನೇ ಕಾರಣ, ಕಾಫಿಪುಡಿ ಕೆಟ್ಟರೆ ಅಂಗಡಿಯವನು ಕಾರಣ ಎಂದು ಗಿರಾಕಿ ಬೇರ್ಪಡಿಸುವಂತೆ ಇಲ್ಲೂ ಬೇರ್ಪಡಿಸಿಕೊಳ್ಳಬೇಕು.

ಆದ್ದರಿಂದ ಕಾಲೇಜು ಹೇಗಿದೆ ಎಂದು ಕೇಳುವುದಕ್ಕಿಂತ, ಕಳೆದ ವಾರ ಎಷ್ಟು ತರಗತಿ ನಡೆದವು ಎಂದು ಕೇಳುವುದು ಮೇಲು. ಮೊದಲ ವರ್ಷದವನಿಗಿಂತ ಕೊನೆಯ ವರ್ಷದವನನ್ನು, ಅವನಿಗಿಂತ ಓದು ಮುಗಿಸಿ ಎರಡು ವರ್ಷ ಕೆಲಸ ಮಾಡಿದವನನ್ನು ಕೇಳುವುದು ಇನ್ನೂ ಮೇಲು. ಅವನ ಆಂತರಿಕ ಅಂಕ ಈಗ ಯಾರ ಕೈಯಲ್ಲೂ ಇಲ್ಲ. ಬುಡದಿಂದ ಕಲಿಸಿದ ಮೇಷ್ಟರು ಯಾರು, ಬರೀ ನಗಿಸಿ ಕಳುಹಿಸಿದವರು ಯಾರು ಎಂಬುದೂ ಅವನಿಗೆ ಅಷ್ಟು ಹೊತ್ತಿಗೆ ತಿಳಿದಿರುತ್ತದೆ. ಕೇಳುವ ಜಾಗವೂ ಮುಖ್ಯ. ಪ್ರವೇಶ ವಿಭಾಗದ ಸೋಫಾದ ಮೇಲೆ ಸಿಗದ ಉತ್ತರ ಗೇಟಿನಾಚೆಯ ಕಾಫಿ ಅಂಗಡಿಯಲ್ಲಿ ಸಿಗುತ್ತದೆ.

ಒಂಬತ್ತೂವರೆಗೆ ರಾಮಮೂರ್ತಿ ನಗರದ ದರ್ಶಿನಿಯಲ್ಲಿ ವಿದ್ಯಾರ್ಥಿಗಳ ಗುಂಪು ಕರಗುತ್ತದೆ. ಲೋಟಗಳು ತೊಟ್ಟಿಗೆ ಬೀಳುತ್ತವೆ. ಡಿಕಾಕ್ಷನ್ ತೆಳ್ಳಗಾಯಿತೆಂದು ನಾಲ್ಕು ಮಂದಿ ಹೇಳಿದರೆ ಹೋಟೆಲಿನವನು ನಾಳೆಯೇ ಪುಡಿ ಹೆಚ್ಚಿಸುತ್ತಾನೆ, ಇಲ್ಲದಿದ್ದರೆ ಗಿರಾಕಿ ರಸ್ತೆ ದಾಟುತ್ತಾನೆಂಬುದು ಅವನಿಗೆ ಗೊತ್ತು. ಪ್ರಯೋಗಾಲಯದ ಬಾಗಿಲು ತೆರೆಯಲಿಲ್ಲ ಎಂದು ಅದೇ ಮೇಜಿನ ಬಳಿ ನಲವತ್ತು ಮಂದಿ ಹೇಳಿದ್ದಾರೆ. ಅವರು ರಸ್ತೆ ದಾಟಲಾರರು, ಬಸ್ಸು ಹಿಡಿದು ಅದೇ ತರಗತಿಗೆ ಹೋಗುತ್ತಾರೆ. ಅವರ ಮಾತು ದರ್ಶಿನಿಯ ಕಟ್ಟೆಯಿಂದ ಪ್ರಾಂಶುಪಾಲರ ಕೊಠಡಿಯವರೆಗೆ ಭಯವಿಲ್ಲದೆ ಹೋಗುವಂತಾದರೆ, ಮುಂದಿನ ವರ್ಷ ಊರಿಂದ ಬರುವ ತಂದೆ ತಾಯಿಯರು ಕಾಫಿ ಅಂಗಡಿಯಲ್ಲಿ ವಿಚಾರಿಸುವ ಅಗತ್ಯವೇ ಇರುವುದಿಲ್ಲ.